ಎರಡು ಚಿತ್ರಗಳಲ್ಲಿ ಊರಿನ ಪರಿಚಯ

ಬಂದವರಿಗೆ ನೀರು-ಬೆಲ್ಲ ಕೊಟ್ಟು ಮಾತನಾಡಿಸುವ ರೀತಿಯಿಂದಲೇ ಮನೆತನದ ಗುಣ ತಿಳಿಯುತ್ತದೆ. ಚಲಚ್ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಆರಂಭದಲ್ಲಿ ಅದು ಯಾರನ್ನು ಮುಂದೆ ನಿಲ್ಲಿಸುತ್ತದೆ, ಊರನ್ನು ಯಾರ ಕಣ್ಣಿನಿಂದ ತೋರಿಸುತ್ತದೆ ಎಂಬುದರಲ್ಲಿಯೇ ಅದರ ಮನಸ್ಸು ಅಡಗಿರುತ್ತದೆ. ಹಳ್ಳಿಯನ್ನು ಕುರಿತ ಎರಡು ಕನ್ನಡ ಚಿತ್ರಗಳನ್ನು ಈ ದೃಷ್ಟಿಯಿಂದ ಹೋಲಿಸಬಹುದು. ಎರಡರಲ್ಲಿಯೂ ಕಥೆ ಒಂದು ಸಾವಿನಿಂದ ತೊಡಗುತ್ತದೆ.

ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972) ಚಿತ್ರದಲ್ಲಿ ರಾಜೀವನು ಅಕ್ಕನ ಊರಿಗೆ ನಗುನಗುತ್ತ ಬರುತ್ತಾನೆ. ಬಂದು ನೋಡಿದರೆ ಭಾವ ತೀರಿಕೊಂಡಿದ್ದಾನೆ, ಸಂಸಾರ ದಿಕ್ಕುಗೆಟ್ಟಿದೆ. ಆ ಭಾರಕ್ಕೆ ಅವನು ಹೆಗಲು ಕೊಡುತ್ತಾನೆ. ರಾಜಕುಮಾರರು ಆ ಪಾತ್ರಕ್ಕೆ ತಂದ ಗಾಂಭೀರ್ಯವನ್ನು ಯಾರು ಮರೆತಾರು? ಆದರೆ ಅಲ್ಲಿ ನಾವು ಊರನ್ನು ಕಾಣುವುದು ಹೊರಗಿನಿಂದ ಬಂದವನ ಕಣ್ಣಿನಿಂದ. ಊರೆಂದರೆ ಸಂಕಟ, ನಾಯಕನೆಂದರೆ ಅದನ್ನು ಪರಿಹರಿಸುವವನು.

ರಾಮ್ ರೆಡ್ಡಿಯವರ ‘ತಿಥಿ’ (2015) ಹೀಗಲ್ಲ. ನೂರೊಂದು ವರುಷದ ಸೆಂಚುರಿಗೌಡ ದಾರಿಯ ಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈದು ಕೆಣಕುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಎದ್ದುಹೋಗಿ ಕುಸಿದು ಸಾಯುತ್ತಾನೆ. ಅವನ ಬೈಗುಳದಿಂದಲೇ ಊರು ನಮಗೆ ಪರಿಚಯವಾಗುತ್ತದೆ. ಮುಂದೆ ಗಡ್ಡಪ್ಪ ಹೊಲಗಳಲ್ಲಿ ಅಲೆಯುತ್ತಾನೆ. ಅವನ ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ. ಮಂಡ್ಯ ಜಿಲ್ಲೆಯ ಹಳ್ಳಿಗರೇ ತಮ್ಮ ಆಡುಮಾತಿನಲ್ಲಿ ನಟಿಸಿದ್ದಾರೆ. ಉದ್ಧಾರಕನೊಬ್ಬ ಅಲ್ಲಿಗೆ ಬರುವುದೇ ಇಲ್ಲ.

ಹಳ್ಳಿಯ ಹಿರಿಯರನ್ನು ಹೀಗೆ ಉಡಾಫೆಯವರನ್ನಾಗಿ ತೋರಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಆದರ್ಶವಿಲ್ಲದ ಚಿತ್ರದಿಂದ ಏನು ಪ್ರಯೋಜನವೆಂದೂ ಕೇಳಬಹುದು. ಕಲ್ಲುನೆಲವನ್ನು ಹಸನುಮಾಡಿದ ರಾಜೀವನ ದುಡಿಮೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೂ ‘ತಿಥಿ’ಯ ಆರಂಭವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಪದವಿ ಪಡೆದು ಊರಿಗೆ ಮರಳುವ ನಮ್ಮಂಥವರು ತಮ್ಮನ್ನು ರಾಜೀವನೆಂದೇ ಭಾವಿಸಿಕೊಳ್ಳುವುದು ಸುಲಭ. ಊರಿನವರೇನೂ ನಾಯಕನಿಗಾಗಿ ಕಾಯುತ್ತ ಕುಳಿತಿರುವುದಿಲ್ಲ. ನಾವು ಬರುವ ಮೊದಲೇ ಅಲ್ಲಿ ನಗೆಯಿದೆ, ಜಗಳವಿದೆ, ಲೆಕ್ಕಾಚಾರವಿದೆ. ಅದನ್ನು ಅರಿಯದೆ ಮಾಡುವ ಸೇವೆ ಬಹುಕಾಲ ನಿಲ್ಲದು.

ನಮ್ಮ ಭಾಗದ ಹೆಸರು ಹೊತ್ತ ‘ಕಿತ್ತೂರು ಚೆನ್ನಮ್ಮ’ (1961) ಅರಸುಮನೆತನದ ಕಥೆ. ಅದು ನಮಗೆ ಹೆಮ್ಮೆಯೇ. ಆದರೆ ಮುರಗೋಡದಂಥ ಊರಿನ ಕಟ್ಟೆಯ ಮೇಲೆ ಕುಳಿತ ಅಜ್ಜನೊಬ್ಬ, ಪೇಟೆಯಿಂದ ಬಂದ ಪದವೀಧರನನ್ನು “ಯಾವೂರಾಂವೋ ತಮ್ಮಾ?” ಎಂದು ಕೇಳುವುದರಿಂದಲೂ ಒಂದು ಚಿತ್ರ ಆರಂಭವಾಗಲಿ. ಅಲ್ಲಿ ಮೊದಲು ಪರಿಚಯ ಹೇಳಬೇಕಾದವನು ಆ ಪದವೀಧರನೇ.