ಹಳೆಯ ರೈಲು ಸೇತುವೆಯ ಕೆಳಗಿನ ದಾರಿ

ರಜೆ ಬಂದೊಡನೆ ಬುತ್ತಿ ಕಟ್ಟಿಕೊಂಡು ಹಳೆಯ ರೈಲು ಸೇತುವೆಯೊಂದನ್ನು ನೋಡಲು ಹೊರಡುವ ಕುಟುಂಬ ಮೊದಲು ಮಾಡುವ ಕೆಲಸವೆಂದರೆ ಮೇಲೆ ಹತ್ತಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು. ಸೇತುವೆಯನ್ನು ಯಾವುದಕ್ಕಾಗಿ ಕಟ್ಟಿದರೋ ಅದು ಕೆಳಗಿದೆ. ಅತ್ತ ಇಣುಕುವವರು ವಿರಳ.

ಕೋಲಾರದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಇಂದಿನ ಬಂಗಾರಪೇಟೆ ಬೌರಿಂಗ್‌ಪೇಟೆಯಾಗಿದ್ದ ಕಾಲದಲ್ಲಿ, 1913ರಲ್ಲಿ, ಅಲ್ಲಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಬಂದಿತು. ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾಯ್ದು ಚಿಕ್ಕಬಳ್ಳಾಪುರ ತಲುಪಿತು. ಮುಂದೆ ಆ ಸಣ್ಣ ಗಾಡಿ ನಿಂತಿತು. ಬಹುಕಾಲದ ನಂತರ, 2013ರಲ್ಲಿ, ಅದೇ ಮಾರ್ಗದಲ್ಲಿ ಅಗಲ ಹಳಿಯ ರೈಲು ಓಡತೊಡಗಿತು. ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವುದು ಆ ಗಾಡಿಯ ಕಥೆಯನ್ನು. ಅದರ ಏರಿ ಹಾಗೂ ಮೋರಿಗಳ ಕಥೆಯನ್ನು ಹೇಳುವವರಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಈ ಸರಪಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುವ ಯಾರೇ ಆದರೂ ಹಳ್ಳ, ರಾಜಕಾಲುವೆಗಳಿಗೆ ಕಂಡಿ ಬಿಡಲೇಬೇಕು. ಬಿಡದಿದ್ದರೆ ನೀರು ಏರಿಗೆ ಒತ್ತಿ ನಿಂತು ಮೇಲಿನ ಹೊಲ ಮುಳುಗಿಸುತ್ತದೆ, ಕಡೆಗೆ ಏರಿಯನ್ನೂ ಕೊಚ್ಚುತ್ತದೆ. ಕೆಳಗಿನ ಕೆರೆ ಮಾತ್ರ ಒಣಗಿಯೇ ಇರುತ್ತದೆ. ವರ್ಷದಲ್ಲಿ ಕೆಲವೇ ದಿನ ನೀರು ಕಾಣುವ ಕಂಡಿ ಉಳಿದ ದಿನಗಳಲ್ಲಿ ಬೇಡದ ತೂತಿನಂತೆ ತೋರುವುದರಿಂದ ಕಸ, ಕಟ್ಟಡದ ಮಣ್ಣು, ಮುಳ್ಳುಕಂಟಿಗಳು ಅಲ್ಲಿಗೇ ಬಂದು ಬೀಳುತ್ತವೆ.

ಇಂಗ್ಲೆಂಡಿನ ಡರ್ಬಿಶೈರ್‌ನ ಮಾನ್ಸಲ್ ಕಣಿವೆಯಲ್ಲಿ ವೈ ನದಿಯ ಮೇಲೆ ಐದು ಕಮಾನುಗಳ ಹೆಡ್‌ಸ್ಟೋನ್ ಸೇತುವೆಯಿದೆ. 1863ರ ಆ ರೈಲುಮಾರ್ಗವನ್ನು ಲೇಖಕ ಜಾನ್ ರಸ್ಕಿನ್ ಕಟುವಾಗಿ ಖಂಡಿಸಿದ್ದರು. ಅರ್ಧ ಗಂಟೆಯಲ್ಲಿ ಪಕ್ಕದ ಊರು ಸೇರುವ ಸುಖಕ್ಕೆ ಕಣಿವೆಯೊಂದನ್ನೇ ತೆರಬೇಕೆ ಎಂಬುದು ಅವರ ಆಕ್ಷೇಪದ ತಿರುಳು. 1968ರಲ್ಲಿ ರೈಲು ನಿಂತಿತು. ಎರಡೇ ವರ್ಷಗಳಲ್ಲಿ ಸೇತುವೆ ಸಂರಕ್ಷಿತ ಸ್ಮಾರಕವಾಯಿತು, 1981ರಿಂದ ಆ ಮಾರ್ಗ ಪಾದಚಾರಿಗಳ ಹಾದಿ. ಕಾಲ ಕಳೆದರೆ ಎಲ್ಲ ಗಾಯವೂ ಮಾಯುತ್ತದೆ ಎಂಬ ವಾದಕ್ಕೆ ಇದನ್ನು ಸಾಕ್ಷಿಯಾಗಿ ತರಬಹುದು. ಆದರೆ ಅಲ್ಲಿ ಕಮಾನುಗಳ ಕೆಳಗೆ ನದಿ ಇನ್ನೂ ಹರಿಯುತ್ತಿದೆ. ಅದು ಬತ್ತಿದ್ದರೆ ಬುತ್ತಿ ಬಿಚ್ಚಲು ಅಲ್ಲಿಗೆ ಯಾರು ಹೋಗುತ್ತಿದ್ದರು?

ಬರಿಯ ವಿಹಾರ ಏನನ್ನೂ ಉಳಿಸುವುದಿಲ್ಲ ಎಂಬುದಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗವೇ ನಿದರ್ಶನ. 1996ರಲ್ಲಿ ನಿಂತ ಪ್ರಯಾಣಿಕರ ರೈಲು 2007ರಲ್ಲಿ ಮತ್ತೆ ಆರಂಭವಾಗುವವರೆಗೆ ಅಲ್ಲಿಯ ಸೇತುವೆ, ಸುರಂಗಗಳು ಚಾರಣಿಗರ ತಾಣವಾಗಿದ್ದವು. ಬಂದವರು ಬಿಟ್ಟುಹೋದದ್ದು ಬಾಟಲಿ ಮತ್ತು ಪ್ಲಾಸ್ಟಿಕ್ಕನ್ನು.

ಕೋಲಾರದಲ್ಲಿ ಈ ಪ್ರಶ್ನೆಗೆ ಹೊಸ ತುರ್ತು ಬಂದಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಇಲ್ಲಿಯ ಕೆರೆಗಳಿಗೆ ಬರುತ್ತಿದ್ದು, ಒಂದು ಕೆರೆಯಿಂದ ಇನ್ನೊಂದಕ್ಕೆ ಹಳೆಯ ಕಾಲುವೆಗಳಲ್ಲಿಯೇ ಸಾಗುತ್ತದೆ. ಆ ನೀರಿನ ಗುಣಮಟ್ಟದ ಚರ್ಚೆ ಬೇರೆಯೇ ಆಗಬೇಕು. ಮಳೆನೀರಿರಲಿ, ಈ ನೀರಿರಲಿ, ಹೋಗುವ ದಾರಿ ಒಂದೇ.

ಆದುದರಿಂದ ಶಾಲೆಗಳು, ಕುಟುಂಬಗಳು ಹೊರಟಾಗ ಊರಿನ ಗ್ರಾಮನಕ್ಷೆಯ ಪ್ರತಿಯೊಂದನ್ನು ಜೊತೆಗೆ ಒಯ್ಯಬೇಕು. ರೈಲು ಓಡುವ ಹಳಿಯ ಮೇಲೆ ಕಾಲಿಡದೆ, ಮೇಲಿನ ಕೆರೆಯ ಕೋಡಿಯಿಂದ ಮೋರಿಯವರೆಗೆ, ಮೋರಿಯಿಂದ ಕೆಳಗಿನ ಕೆರೆಯವರೆಗೆ ನಡೆದು, ನಕ್ಷೆಯಲ್ಲಿರುವ ಕಾಲುವೆ ನೆಲದ ಮೇಲೆ ಎಲ್ಲಿ ಕಾಣೆಯಾಗಿದೆ ಎಂದು ಗುರುತು ಹಾಕಬೇಕು. ಕೆರೆಗಳ ರಕ್ಷಣೆಗೆ ರಾಜ್ಯದಲ್ಲಿ 2014ರ ಕಾಯ್ದೆಯಿದೆ. ಅಂಥ ಗುರುತಿನ ಹಾಳೆಯಿದ್ದರೆ ಗ್ರಾಮಸಭೆ ದೂರು ಬರೆಯುವುದು ಸುಲಭ. ಮಾಲೂರಿನವರಿಗೆ 1864ರ ಮುಖ್ಯ ಮಾರ್ಗದ ಏರಿಯೇ ಇದೆ. ಮುಳಬಾಗಿಲಿಗೆ ರೈಲು ಬಂದಿಲ್ಲವಾದರೂ ಹೆದ್ದಾರಿಯ ಕೆಳಗಿನ ಮೋರಿಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಅವುಗಳಿಂದಲೇ, ಮುಂಗಾರು ಹಿಡಿಯುವ ಮುನ್ನ, ಆರಂಭಿಸಬಹುದು.