ನೂರು ಕೋಟಿ ಪಿಕ್ಸೆಲ್‌ನಲ್ಲಿ ಮಾವ ಇಲ್ಲ

ಮರವಂತೆಗೆ ಹೋದವರೆಲ್ಲ ಮಾಡುವ ಕೆಲಸ ಒಂದೇ. ಹೈವೇ ಪಕ್ಕ ಕಾರು ನಿಲ್ಲಿಸೋದು, ಫೋನ್‌ನಲ್ಲಿ ಪನೋರಮಾ ಮೋಡ್ ಆನ್ ಮಾಡೋದು, ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ರಸ್ತೆ, ಮೂರೂ ಒಂದೇ ಫೋಟೋದಲ್ಲಿ ಬರುವ ಹಾಗೆ ನಿಂತಲ್ಲೇ ತಿರುಗೋದು. ಆಮೇಲೆ ಫ್ಯಾಮಿಲಿ ಗ್ರೂಪ್‌ಗೆ ಕಳಿಸೋದು. ನಾನೂ ಮಾಡಿದ್ದೇನೆ, ನೀವೂ ಮಾಡಿರ್ತೀರಿ. ಆ ಫೋಟೋವನ್ನ ಯಾವಾಗಾದ್ರೂ ಝೂಮ್ ಮಾಡಿ ನೋಡಿದ್ದೀರಾ? ಅಲೆಗಳು ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಹಾಗಿರುತ್ತವೆ. ನಡೆದು ಹೋಗುತ್ತಿದ್ದ ನಾಯಿಗೆ ಆರು ಕಾಲು.

ನನಗೆ ಈ ಹುಚ್ಚು ಹಿಡಿದದ್ದು ಆ ಆರು ಕಾಲಿನ ನಾಯಿಯಿಂದಲೇ. ದಿನವಿಡೀ ಬೇರೆಯವರ ಕೋಡ್‌ನಲ್ಲಿ ಬಗ್ ಹುಡುಕುವವನಿಗೆ ಫೋಟೋದಲ್ಲಿ ಬಗ್ ಕಂಡರೆ ಸುಮ್ಮನೆ ಕೂರಲು ಆಗುತ್ತಾ?

ಮರವಂತೆಯಿಂದ ಸ್ವಲ್ಪ ದೂರದಲ್ಲಿ ನನ್ನ ಸೋದರಮಾವನ ಮನೆ. ಅಂಗಳ ದಾಟಿದರೆ ಬಾವಿ, ಬಾವಿ ದಾಟಿದರೆ ತೆಂಗಿನ ಸಾಲು, ಆಮೇಲೆ ಮರಳು, ಆಮೇಲೆ ಕಡಲು. 2019ರ ಜನವರಿಯಲ್ಲಿ ಒಂದು ವಾರ ರಜೆ ಹಾಕಿ, ಕ್ಯಾಮೆರಾ, ಟ್ರೈಪಾಡ್ ಹೊತ್ತುಕೊಂಡು ಅಲ್ಲಿಗೆ ಹೋದೆ. ಮರಳಲ್ಲಿ ಟ್ರೈಪಾಡ್ ಕಾಲು ಹೂತು ಹೋಗುತ್ತೆ ಅಂತ ಗೊತ್ತಾದದ್ದು ಮೊದಲ ದಿನವೇ. ಅತ್ತೆ ಮೂರು ತೆಂಗಿನ ಗೆರಟೆ ತಂದುಕೊಟ್ಟರು. ಒಂದೊಂದು ಕಾಲಿನ ಕೆಳಗೆ ಒಂದೊಂದು ಇಟ್ಟರೂ ಅಲುಗಾಟ ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಬಾವಿಕಟ್ಟೆಯ ಮೇಲೇ ನಿಲ್ಲಿಸಿದೆ. ಆಗ ಯೋಚನೆ ಮಾಡದೆ ಮಾಡಿದ ಈ ಆಯ್ಕೆ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಲೆಕ್ಕ ಹೀಗಿದೆ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ, 85 ಎಂಎಂ ಲೆನ್ಸ್. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ ಒಂದು ಫ್ರೇಮ್‌ನಲ್ಲಿ ಕಾಣೋದು ಹತ್ತೂವರೆ ಡಿಗ್ರಿ ಅಗಲ ಮಾತ್ರ. ಪಕ್ಕಪಕ್ಕದ ಎರಡು ಫ್ರೇಮ್‌ಗಳು ಸುಮಾರು ಮೂರನೇ ಒಂದು ಭಾಗ ಒಂದರ ಮೇಲೊಂದು ಬರಬೇಕು, ಆದ್ದರಿಂದ 7.5 ಡಿಗ್ರಿಗೊಮ್ಮೆ ತಿರುಗಿಸಿ ಕ್ಲಿಕ್ ಮಾಡಬೇಕು. ಎಡತುದಿಯಿಂದ ಬಲತುದಿವರೆಗೆ 24 ಫ್ರೇಮ್. ಆಕಾಶಕ್ಕೆ ಒಂದು ಸಾಲು, ದಿಗಂತಕ್ಕೆ ಒಂದು, ಮರಳಿಗೆ ಒಂದು. ಒಟ್ಟು 72. ಎಲ್ಲ ಜೋಡಿಸಿದರೆ ಹೆಚ್ಚುಕಮ್ಮಿ ನೂರು ಕೋಟಿ ಪಿಕ್ಸೆಲ್, ಅಂದರೆ ಒಂದು ಗಿಗಾಪಿಕ್ಸೆಲ್.

ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಆಟೋದಿಂದ ತೆಗೆದು ಲಾಕ್ ಮಾಡಬೇಕು. ಇಲ್ಲದಿದ್ದರೆ ಒಂದು ಪಟ್ಟಿ ನೀಲಿ, ಪಕ್ಕದ್ದು ಬೂದು. ಪೋಲರೈಸರ್ ಫಿಲ್ಟರ್ ಹಾಕಬಾರದು, ಇಷ್ಟು ಅಗಲದ ಆಕಾಶದಲ್ಲಿ ಒಂದು ಕಡೆ ಮಾತ್ರ ಕಪ್ಪಾಗುತ್ತೆ. ಎಲ್ಲರಿಗೂ ಸೂರ್ಯಾಸ್ತವೇ ಬೇಕು, ಆದರೆ ಹತ್ತು ನಿಮಿಷದ ಶೂಟ್‌ನಲ್ಲಿ ಸಂಜೆಯ ಬೆಳಕು ಹತ್ತು ಸಲ ಬದಲಾಗುತ್ತೆ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆಯೇ ಸರಿ, ಸೂರ್ಯ ಬೆನ್ನಿಗಿರುತ್ತಾನೆ.

ಇನ್ನೊಂದು ತೊಂದರೆ ಪ್ಯಾರಲಾಕ್ಸ್. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ತಲೆಯನ್ನು ಆಚೀಚೆ ಸರಿಸಿ ನೋಡಿ. ಹಿಂದಿನ ಗೋಡೆಯ ಮುಂದೆ ಬೆರಳು ಜಾಗ ಬದಲಿಸುತ್ತೆ. ಕ್ಯಾಮೆರಾ ತಿರುಗಿದಾಗ ಹತ್ತಿರದ ತೆಂಗಿನ ಮರಕ್ಕೂ ಹಾಗೇ ಆಗುತ್ತೆ. ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಹಿಂದೆ ಸರಿಸಿ, ಲೆನ್ಸ್ ಒಳಗಿನ ಒಂದು ನಿರ್ದಿಷ್ಟ ಬಿಂದುವಿನ ಸುತ್ತ ತಿರುಗುವ ಹಾಗೆ ಮಾಡಿದರೆ ಈ ತೊಂದರೆ ಹೋಗುತ್ತೆ. ಆ ಬಿಂದು ಹುಡುಕಲು ನನಗೆ ಅರ್ಧ ದಿನ ಬೇಕಾಯಿತು.

ಅಂಗಳದಿಂದ ಮಾವನ ಕೂಗು: "ಎಂತ ಮಾರಾಯ, ಒಂದ್ ಫೋಟೋ ತೆಗುಕೆ ಇಷ್ಟ್ ಹೊತ್ತಾ?"

ಮಾವ ಕಾದು ಸಾಕಾಗಿ ಬೀಸುಬಲೆ ಹಿಡಿದು ನೀರಿಗೆ ಹೋದರು. ನಾನು ಕ್ಲಿಕ್ ಮಾಡುತ್ತಾ ಹೋದೆ.

ಬೆಂಗಳೂರಿಗೆ ಬಂದು ಹ್ಯೂಗಿನ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಜೋಡಿಸಲು ಕೂತೆ. ಇಂಥ ಸಾಫ್ಟ್‌ವೇರ್ ಎರಡು ಫೋಟೋಗಳಲ್ಲೂ ಇರುವ ಒಂದೇ ಗುರುತನ್ನು ಹುಡುಕಿ, ಅದನ್ನು ಹಿಡಿದು ಹೊಲಿಯುತ್ತೆ. ಕಟ್ಟಡ, ಬೆಟ್ಟ ಇದ್ದರೆ ಸುಲಭ. ಸಮುದ್ರದಲ್ಲಿ ಯಾವ ಗುರುತು ಸಿಗುತ್ತೆ? ಅದು ಅಲೆಯ ನೊರೆಯನ್ನು ಹಿಡಿಯುತ್ತೆ, ಮುಂದಿನ ಫ್ರೇಮ್ ಹೊತ್ತಿಗೆ ಆ ನೊರೆ ದಡ ಸೇರಿ ಆಗಿರುತ್ತೆ. ಬರೀ ನೀರು, ಬರೀ ಆಕಾಶ ಇದ್ದ ಫ್ರೇಮ್‌ಗಳನ್ನು ಡಿಗ್ರಿ ಲೆಕ್ಕದ ಮೇಲೆ ಕೈಯಲ್ಲೇ ಕೂರಿಸಿದೆ. ನಾಲ್ಕು ವೀಕೆಂಡ್ ಹಿಡಿಯಿತು.

ಆದರೂ ಒಂದು ಬಗ್ ಉಳಿದಿತ್ತು. ಮಾವ ದಡದುದ್ದಕ್ಕೂ ಬಲೆ ಬೀಸುತ್ತಾ ನಡೆದಿದ್ದರಿಂದ ಮೂರು ಕಡೆ ಮೂರು ಮಾವಂದಿರು, ಅದರಲ್ಲಿ ಒಬ್ಬರಿಗೆ ತಲೆಯಿಲ್ಲ. ಫೋಟೋಗ್ರಫಿಯವರು ಇದಕ್ಕೆ 'ಘೋಸ್ಟ್' ಅಂತಾರೆ. ಮಾಸ್ಕ್ ಟೂಲ್ ಹಿಡಿದು ಮೂವರನ್ನೂ ಒರೆಸಿದೆ. ದಡ ಖಾಲಿಯಾಯಿತು, ಫೋಟೋ ಕ್ಲೀನ್ ಆಯಿತು. ಆಫೀಸಿನಲ್ಲಿ ಎಲ್ಲರೂ 'ವಾವ್' ಅಂದರು. ನಾನೂ ಮರೆತೆ.

ಆಮೇಲೆ ಕೋವಿಡ್, ಮದುವೆ, ಕೆಲಸ ಬದಲು. ಮತ್ತೆ ಅಲ್ಲಿ ಒಂದು ವಾರ ಉಳಿದದ್ದು 2024ರ ಜನವರಿಯಲ್ಲಿ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್‌ನಲ್ಲಿ ಹಳೇ ಪನೋರಮಾ ತೆಗೆದು ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಅವರು ಆಕಾಶ ನೋಡಲಿಲ್ಲ, ಅಲೆ ನೋಡಲಿಲ್ಲ. ಬೆರಳಿಟ್ಟು ಮರ ಎಣಿಸಿದರು.

"ಈ ಮರ ಈಗ ಇಲ್ಲೆ. ಇದೂ ಇಲ್ಲೆ. ಇದ್ ಹ್ವಾದ ಮಳೆಗಾಲ್ದಗೆ ಹೋಯ್ತ್."

ಫೋಟೋದಲ್ಲಿ 11 ಮರ. ಈಗ ಇರೋದು ನಾಲ್ಕು. ಕಡಲ್ಕೊರೆತದ ಸುದ್ದಿ ನಾನು ಫೋನ್‌ನಲ್ಲಿ ಎಷ್ಟೋ ಸಲ ಓದಿ ಮುಂದೆ ಸರಿಸಿದ್ದೆ. ಆ ರಾತ್ರಿ ನನಗೆ ಸರಿಸಲು ಆಗಲಿಲ್ಲ. ಎಣಿಸಿ ಮುಗಿಸಿದ ಮಾವ ಕೇಳಿದರು: "ಅವತ್ತ್ ನಾನ್ ಬಲೆ ಬೀಸ್ತಿದ್ದೆ ಅಲ್ದಾ? ಇದ್ರಗೆ ನಾನ್ ಎಲ್ಲಿದ್ದೆ?"

ಒರೆಸಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಇರಬೇಕು ಮಾವ, ಹುಡುಕ್ತೀನಿ ಅಂದೆ.

ಪುಣ್ಯಕ್ಕೆ ಮೂಲ ಫ್ರೇಮ್‌ಗಳನ್ನು ಡಿಲೀಟ್ ಮಾಡಿರಲಿಲ್ಲ. ಒಂದರಲ್ಲಿ ಮಾವ ನೀರಿನ ಅಂಚಿನಲ್ಲಿ ನೆಟ್ಟಗೆ ನಿಂತಿದ್ದಾರೆ. ತಲೆಯಿಂದ ಪಾದಕ್ಕೆ ಸುಮಾರು 600 ಪಿಕ್ಸೆಲ್. ನನ್ನ ಲೆನ್ಸ್‌ನಲ್ಲಿ ಒಂದು ಡಿಗ್ರಿಗೆ 380 ಪಿಕ್ಸೆಲ್, ಮಾವನ ಎತ್ತರ ಐದೂವರೆ ಅಡಿ. ಎಂಜಿನಿಯರಿಂಗ್ ಮೊದಲ ವರ್ಷದ ಲೆಕ್ಕ ಹಾಕಿದರೆ, ಅವತ್ತು ಬಾವಿಕಟ್ಟೆಯಿಂದ ನೀರಿಗೆ ಹೆಚ್ಚುಕಮ್ಮಿ 60 ಮೀಟರ್. ಫೋಟೋದಲ್ಲಿ ದೂರ ಹೇಳಬಲ್ಲ ವಸ್ತು ಅದೊಂದೇ ಇದ್ದದ್ದು. ಅದನ್ನೇ ನಾನು ಕಸ ಅಂತ ತೆಗೆದಿದ್ದೆ.

ಮರುದಿನವೇ ಟೇಪ್ ಹಿಡಿಯಬಹುದಿತ್ತು, ಆದರೆ ಅದು ನ್ಯಾಯದ ಅಳತೆ ಆಗುವುದಿಲ್ಲ. ಉಬ್ಬರದಲ್ಲಿ ನೀರು ಹತ್ತಿರ, ಇಳಿತದಲ್ಲಿ ದೂರ. ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದುಕೊಳ್ಳುತ್ತೆ, ಆಮೇಲೆ ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತೆ. ಹೋಲಿಸುವುದಾದರೆ ಅದೇ ತಿಂಗಳು, ನೀರಿನ ಅದೇ ಮಟ್ಟ ಬೇಕು. ಹಳೇ ಫೈಲ್‌ನಲ್ಲಿ ಫೋಟೋ ತೆಗೆದ ನಿಮಿಷವೂ ದಾಖಲಾಗಿತ್ತು. ಉಬ್ಬರವಿಳಿತದ ಪಟ್ಟಿ ನೋಡಿ, ಅದೇ ಮಟ್ಟ ಬರುವ ಬೆಳಿಗ್ಗೆಗೆ ಎರಡು ದಿನ ಕಾದೆವು. ಟೇಪ್‌ನ ಒಂದು ತುದಿ ಬಾವಿಕಟ್ಟೆಯಲ್ಲಿ ಅತ್ತೆ, ಇನ್ನೊಂದು ತುದಿ ನೀರಲ್ಲಿ ಮಾವ. 38 ಮೀಟರ್.

ಎರಡೇ ಎರಡು ಅಳತೆಯಿಂದ ಕಡಲು ವರ್ಷಕ್ಕೆ ಇಷ್ಟು ಬರುತ್ತೆ ಅಂತ ಹೇಳಲಾಗದು, ಅಷ್ಟು ನನಗೂ ಗೊತ್ತು. ಆದರೆ ಅಕ್ಕಪಕ್ಕದ ಮನೆಯವರು ತಡೆಗೋಡೆಗಾಗಿ ಕೊಟ್ಟ ಮನವಿಗೆ ಎರಡೂ ಫೋಟೋ, ಎರಡೂ ಅಳತೆ ಲಗತ್ತಿಸಿದೆವು. ಮನವಿ ತೆಗೆದುಕೊಂಡಿದ್ದಾರೆ. ಗೋಡೆ ಇನ್ನೂ ಬಂದಿಲ್ಲ.

ನಿಮ್ಮ ಊರಲ್ಲೂ ಕಡಲು, ಹೊಳೆ, ಕೆರೆ ಯಾವುದಾದರೂ ಇದ್ದರೆ ಒಂದು ಕೆಲಸ ಮಾಡಿ. ಅಲುಗಾಡದ ಒಂದು ಜಾಗ ಆರಿಸಿ, ವರ್ಷಕ್ಕೊಮ್ಮೆ ಅದೇ ತಿಂಗಳು ಅಲ್ಲಿಂದಲೇ ಫೋಟೋ ತೆಗೀರಿ. ಗಿಗಾಪಿಕ್ಸೆಲ್ ಬೇಡ, ಫೋನ್ ಸಾಕು. ಫ್ರೇಮ್‌ನಲ್ಲಿ ಎತ್ತರ ಗೊತ್ತಿರುವ ಒಬ್ಬರನ್ನು ನಿಲ್ಲಿಸಿ. ಮೂಲ ಫೈಲ್ ಡಿಲೀಟ್ ಮಾಡಬೇಡಿ.

ನಾವಂತೂ ಈಗ ಪ್ರತಿ ಜನವರಿಯಲ್ಲಿ ತೆಗೀತೀವಿ. ಮಾವ ಬಲೆ ಮನೆಯಲ್ಲೇ ಬಿಟ್ಟು, ನೀರಿನ ಅಂಚಿನಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಈ ಸಲ ಮಧ್ಯದಲ್ಲಿ ಯಾರೋ ಕರೆದರು ಅಂತ ನಾಲ್ಕು ಹೆಜ್ಜೆ ನಡೆದುಬಿಟ್ಟರು, ಹಾಗಾಗಿ ಫೋಟೋದಲ್ಲಿ ಇಬ್ಬರಾಗಿದ್ದಾರೆ. ಹಾಗೇ ಬಿಟ್ಟಿದ್ದೇನೆ.