ಮಾಣಿಗೆ ಎಂತಕ್ಕೆ ಸ್ಕ್ಯಾನಿಂಗ್?

ರಾತ್ರಿ ಹತ್ತೂವರೆಗೆ ಬೈಂದೂರಿನಿಂದ ಅಕ್ಕನ ವಾಟ್ಸ್ಆಪ್. ಐದು ವರ್ಷದ ಮಗನ ಮೊಣಕಾಲಿನ ಹಿಂದೆ ಅಡಿಕೆ ಗಾತ್ರದ ಗಂಟು, ಅದರ ಫೋಟೋ. ಕೆಳಗೆ ಒಂದೇ ಸಾಲು: "ಎಂತ ಇದ್, ಕಾಣ್ ಮಾರಾಯ."

ಬೆಂಗಳೂರಿನಲ್ಲಿ ಕೂತು ನಾನು ಮಾಡಿದ್ದು ನೀವೂ ಮಾಡುವುದೇ: ಗೂಗಲ್. ಹತ್ತೇ ನಿಮಿಷದಲ್ಲಿ ಕ್ಯಾನ್ಸರ್‌ವರೆಗೂ ಹೋಗಿ ಬಂದೆ. ನಿದ್ದೆ ಹೋಯ್ತು.

ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ಅಮ್ಮ ಆಗಲೇ ಸೊಪ್ಪಿನ ಲೇಪ ಅರೆದಿಟ್ಟಿದ್ದಳು. ಅದನ್ನು ಪಕ್ಕಕ್ಕಿಟ್ಟು, ಮರವಂತೆ ದಾಟಿ ಕುಂದಾಪುರದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಗಂಟನ್ನು ಮುಟ್ಟಿ, ಟಾರ್ಚ್ ಹಿಡಿದರು. ಬೆಳಕು ಒಳಗೆ ಕೆಂಪಗೆ ಹರಡಿತು. "ನೀರಿನ ಗಂಟು ಇರಬೇಕು, ಸ್ಕ್ಯಾನಿಂಗ್ ಮಾಡಿಸಿ" ಎಂದರು.

ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. 1994ರ ಕಾಯ್ದೆ ಬಂದ ಮೇಲೆ ಎಲ್ಲ ಕಡೆ ಇರುವಂಥದ್ದೇ. ಅಮ್ಮನಿಗೆ ಗೊಂದಲ. "ಇದ್ ಬಸ್ರಿಯರಿಗ್ ಅಲ್ದಾ? ಮಾಣಿಗ್ ಎಂತಕ್ಕೆ? ಕರೆಂಟ್ ಮೈಗ್ ಹೋತ್ತಾ?"

ಇಲ್ಲ. ಅಲ್ಟ್ರಾಸೌಂಡ್ ಎಂದರೆ ಬರೀ ಶಬ್ದದ ಅಲೆ. ಎಕ್ಸ್‌ರೇ, ಸಿಟಿ ಹಾಗೆ ವಿಕಿರಣ ಇಲ್ಲ, ಮಗುವಿಗೆ ಮಂಪರು ಕೊಡುವುದೂ ಬೇಡ. ತಣ್ಣಗಿನ ಜೆಲ್ ತಾಗಿದ್ದೇ ಮಾಣಿ ಕಿಲಕಿಲ ನಕ್ಕ. ಪರದೆಯಲ್ಲಿ ಗಂಟು ಕಪ್ಪಗೆ ಕಂಡಿತು. ಕಪ್ಪೆಂದರೆ ದ್ರವ. ಡಾಪ್ಲರ್ ಹಾಕಿದರು, ಒಳಗೆ ರಕ್ತದ ಹರಿವಿನ ಬಣ್ಣ ಕಾಣಲಿಲ್ಲ. ಎರಡು ಸ್ನಾಯುಗಳ ನಡುವಿನಿಂದ ಸಣ್ಣ ಕುತ್ತಿಗೆಯ ಹಾಗೆ ಹೊರಬಂದಿತ್ತು. ಬೇಕರ್ಸ್ ಸಿಸ್ಟ್. ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಲಕ್ರಮೇಣ ತಾನೇ ಕರಗುತ್ತದೆ, ಆಪರೇಷನ್ ಬೇಕಾಗುವುದು ಅಪರೂಪ.

ಹಾಗಂತ ಎಲ್ಲ ಗಂಟೂ ಇಷ್ಟು ಸುಲಭವಲ್ಲ. ಬ್ರಹ್ಮಾವರದ ಗೆಳತಿಯ ಮಗಳಿಗೆ ಹುಟ್ಟಿನಿಂದಲೇ ಮೂಗಿನ ಬುಡದಲ್ಲಿ ಬಟಾಣಿಯಷ್ಟು ಗಂಟು. ಅಲ್ಟ್ರಾಸೌಂಡ್ ಆದ ಮೇಲೂ ಡಾಕ್ಟರು ಎಂಆರ್‌ಐ ಮಾಡಿಸಿ ಎಂದರು. ಮುಖದ ನಡುಗೆರೆಯಲ್ಲಿ ಬರುವ ಡರ್ಮಾಯ್ಡ್ ಗಂಟು ಕೆಲವೊಮ್ಮೆ ತಲೆಬುರುಡೆಯೊಳಗೆ ದಾರಿ ಮಾಡಿಕೊಂಡಿರುತ್ತದೆ. ನೋಡದೆ ಕೊಯ್ಯುವಂತಿಲ್ಲ. ಬೇಗ ಬೆಳೆಯುವ, ಗಟ್ಟಿಯಾಗಿ ಆಳಕ್ಕೆ ಅಂಟಿಕೊಂಡ, ಐದು ಸೆಂಟಿಮೀಟರಿಗಿಂತ ದೊಡ್ಡ ಗಂಟುಗಳನ್ನಂತೂ ತಡ ಮಾಡದೆ ತೋರಿಸಬೇಕು. ಅಂಥಲ್ಲಿ ಬಯಾಪ್ಸಿಯೂ ಬೇಕಾಗಬಹುದು.

ಊರಿನಿಂದ ನಿಮಗೂ ಇಂಥ ಫೋಟೋ ಬಂದೀತು. ಫೋಟೋದಲ್ಲಿ ಕಾಣುವುದು ಚರ್ಮ ಮಾತ್ರ. ಹಿಂಡಬೇಡಿ, ಲೇಪ ಹಚ್ಚಬೇಡಿ ಎಂದು ಹೇಳಿ, ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಗೂಗಲ್ ಮಾಡಿ ನಿದ್ದೆಗೆಡುವುದಕ್ಕಿಂತ ಅದು ವಾಸಿ.

ಆರು ತಿಂಗಳ ಮೇಲೆ ಅಕ್ಕನ ಮೆಸೇಜ್ ಬಂತು: "ಗಂಟ್ ಸಣ್ಣ ಆಯ್ತ್. ಮಾಣಿ ಮಾತ್ರ ಒಂದ್ ಕಡಿ ನಿಲ್ಲುದಿಲ್ಲ."